ಹೊಸದು ಬರುವ ಮೊದಲೇ ಕಿತ್ತರು

ದೊಡ್ಡಪ್ಪ,

ನಾರ್ವೆಯ ಉತ್ತರದ ತುದಿಯ ದ್ವೀಪಕ್ಕೆ ಬಂದು ತಲುಪಿದ್ದೇನೆ. ಕಿಟಕಿಯಾಚೆ ಸಮುದ್ರವೇ ಹೆಪ್ಪುಗಟ್ಟಿದೆ. ಅದರ ಮೇಲೊಂದು ಸೀಲ್ ಅನ್ನುವ ಕಡಲಪ್ರಾಣಿ ನಮ್ಮ ಎಮ್ಮೆಯ ಹಾಗೆ ಬಿದ್ದುಕೊಂಡಿದೆ. ಈ ಹಿಮವನ್ನು ದಿನವೂ ಅಳೆಯುವ ಉಪಗ್ರಹವನ್ನು ಇದೇ ತಿಂಗಳು ನಿಲ್ಲಿಸುತ್ತಾರಂತೆ. ಕೆಟ್ಟಿಲ್ಲ, ವಯಸ್ಸಾಯಿತಂತೆ. ಹೊಸದು ಹಾರುವುದಕ್ಕೆ ಇನ್ನೂ ಎರಡು ವರ್ಷ.

ಮೆಟ್ರಿ ಕಾಲುವೆಯಲ್ಲಿ ನೀರಿನ ಮಟ್ಟ ನೋಡಲು ಹೊಸ ಗೇಜು ಕಂಬ ನೆಟ್ಟಾಗ ನೀವು ಹಳೆಯದನ್ನು ಕೀಳಲು ಬಿಡಲಿಲ್ಲ. "ಯವ್ವಾ, ಒಂದು ಹಂಗಾಮು ಎರಡೂ ಜೋಡಿ ನಿಂದ್ರಲಿ, ಎರಡೂ ಬರಕೋ" ಅಂದಿರಿ. ಹೊಸದು ಎರಡು ಬೆರಳು ಹೆಚ್ಚು ತೋರಿಸುವುದು ಗೊತ್ತಾಗಿದ್ದೇ ಹಾಗೆ. ಇದನ್ನು ಇಲ್ಲಿ ಹಿಮ ಅಳೆಯುವವರ ಸಭೆಯಲ್ಲಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಕಾಫಿ ಕುಡಿದರು, ಉಪಗ್ರಹ ನಿಲ್ಲಿಸುವ ತಾರೀಖು ಮಾತ್ರ ಬದಲಾಗಲಿಲ್ಲ. ನಾಳೆ ಹೊಸದು ಬಂದು ಅಂಕಿ ಇಳಿದರೆ ಹಿಮ ಕರಗಿತೋ, ಅಳೆಯುವ ಯಂತ್ರ ಬೇರೆಯಾಯಿತೋ, ಯಾರನ್ನು ಕೇಳಲಿ?

ಆರೋಗ್ಯವಾಗಿದ್ದೇನೆ, ಚಳಿಗೆ ಮೂಗಿನ ಸಿಪ್ಪೆ ಸುಲಿಯುತ್ತಿದೆ ಅಷ್ಟೇ. ಗುರೆಳ್ಳು ಚಟ್ನಿಪುಡಿ ಮುಗಿಯಿತೆಂದು ದೊಡ್ಡವ್ವನಿಗೆ ಹೇಳಿ.

ಟಪಾಲಿನವನು ಕಾಯುತ್ತಿದ್ದಾನೆ. ನೀವು ಆ ಹಳೆಯ ಕಂಬವನ್ನು ಕಿತ್ತ ಮೇಲೂ ಹೊತ್ತು ತಂದು ಅಟ್ಟದ ಮೇಲಿಟ್ಟಿರಿ. ನಮ್ಮ ಉಪಗ್ರಹವನ್ನು ಇಳಿಸಿಕೊಳ್ಳಲೂ ಆಗುವುದಿಲ್ಲ. ಕುರುಡಾಗಿ ಅಲ್ಲೇ ಸುತ್ತುತ್ತಿರುತ್ತದೆ.

ನಿಮ್ಮ ಪಂಪಾವತಿ