ಮುಚ್ಚಿದ ಮಗ್ಗದ ಗುಂಡಿ

ಅಪ್ಪ,

ನಿನಗೆ ಅರವತ್ತು ತುಂಬಿದಾಗ "ಇನ್ನು ಸಾಕು, ಆರಾಮಾಗಿ ಕುಂತ್ಕ" ಎಂದು, ನೀನು ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಗುಂಡಿಗೆ ಮಣ್ಣು ತುಂಬಿದವನು ನಾನೇ. ನೀನು ಇರುವವರೆಗೂ ಆ ಜಾಗದಲ್ಲಿ ಒಂದು ದಿನವೂ ಚಾಪೆ ಹಾಸಲಿಲ್ಲ.

ಈಗ ನನಗೇ ಅರವತ್ತೊಂದು. ಬಸ್ಸು ಓಡಿಸುವ ಕೆಲಸ ಮುಗಿಯಿತು. ಮೊಳಕಾಲ್ಮೂರಿನ ನೇಕಾರರ ಸಂಘದಲ್ಲಿ ಕೆಲಸ ಕೇಳಿದೆ. ಕಾರ್ಯದರ್ಶಿ ವೀರೇಶ್ ನಕ್ಕ: "ನೇಯೋರೆಲ್ಲ ಈಗ ನಿಮ್ಮ ವಯಸ್ಸಿನೋರೇ. ಅಪ್ಪ ಕಲಿಸಿದ್ದು ಕೈಗೆ ನೆನಪೈತಾ? ಹಂಗಾದ್ರೆ ಬರ್ರಿ, ನೂಲು ಕೊಡ್ತೀವಿ, ಮನೇಲೇ ನೇಯ್ರಿ."

ಇವತ್ತು ಗುಂಡಿ ತೋಡಿದೆ. ನಾನು ತುಂಬಿದ ಮಣ್ಣು ಸಲೀಸಾಗಿ ಬಂತು. ನೀನು ತೋಡಿದ್ದ ಗುಂಡಿಯ ಅಂಚುಗಳು ಹಾಗೇ ಗಟ್ಟಿಯಾಗಿದ್ದವು.

"ಇನ್ನು ಸಾಕು, ಆರಾಮಾಗಿ ಕುಂತ್ಕಳ್ರಿ" ಎಂದಳು ನಿನ್ನ ಸೊಸೆ.

ಕುಳಿತೆ, ಕಾಲನ್ನು ಗುಂಡಿಗೆ ಇಳಿಬಿಟ್ಟು. ನಿನ್ನ ಕಾಲಿಗೆಂದು ತೋಡಿದ ಆಳ ನನಗೂ ಸರಿಹೋಯಿತು.