ಕೇಳದೆ ಬರೆದ ಹೆಸರು

ಪ್ರೀತಿಯ ಗೆಳತಿ,

ನಿನ್ನ ತಮ್ಮನನ್ನು ಆ ಅಡುಗೆಮನೆಯಿಂದ ಕರೆದೊಯ್ದು ಮೂರು ತಿಂಗಳು ಕಳೆಯಿತು. ಕರೆದೊಯ್ದವರ ಕೈಯಲ್ಲಿದ್ದ ಫೋನಿನಲ್ಲಿ ನಾನು ಬರೆದ ಲೇಖನವಿತ್ತು. ಈ ಎರಡು ವಾಕ್ಯಗಳನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಎಲ್ಲಾದರೂ ಜಾರಿಕೊಳ್ಳುತ್ತೇನೆ, ನನ್ನ ಗುಣ ನನಗೆ ಗೊತ್ತು.

ಇದು ಕನ್ನಡದಲ್ಲಿದೆ, ನೀನು ಓದಲಾರೆ. ಇಂಗ್ಲಿಷಿನಲ್ಲಿ ನಾನು ಚೆನ್ನಾಗಿ ಬರೆಯುತ್ತೇನೆ. ಹೋದ ಸಲದ ಅನಾಹುತಕ್ಕೆ ಕಾರಣ ಅದೇ. ನಿನ್ನ ಹೆಸರಾಗಲಿ ಅವನ ಹೆಸರಾಗಲಿ, ನಿಮ್ಮ ಅಜ್ಜನ ಊರಿನ ಹೆಸರಾಗಲಿ ಈ ಹಾಳೆಯ ಮೇಲೆ ಬರುವುದಿಲ್ಲ. ಎಂದಾದರೂ ನೀನು ಎದುರು ಕೂರಲು ಒಪ್ಪಿದರೆ ನಾನೇ ಓದಿ ಹೇಳುತ್ತೇನೆ.

ಹ್ಯೂಸ್ಟನ್ನಿನ ಆಸ್ಪತ್ರೆಯ ಲ್ಯಾಬಿನಲ್ಲಿ ಎಂಟು ವರ್ಷ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತು ಊರವರ ರಕ್ತ ಪರೀಕ್ಷೆ ಮಾಡಿದೆವು. ನಿನ್ನ ದೇಶದ ಬಗ್ಗೆ ನಾನು ಬಹಳ ಓದಿಕೊಂಡಿದ್ದೆ, ಆದರೆ ಅದನ್ನು ಮುಟ್ಟಿದ್ದು ಒಂದು ಉಂಡೆಯ ಮೂಲಕ. ಆಸ್ಟಿನ್ನಿನಲ್ಲಿ ಮಗಳು ಹೆತ್ತಾಗ ಅಂಟಿನುಂಡೆ ಕಟ್ಟಿದ್ದೆ. ಬಾಣಂತಿಯ ಸೊಂಟ ಗಟ್ಟಿಯಾಗಲೆಂದು ನಮ್ಮ ಧಾರವಾಡದ ಕಡೆ ಒಣಕೊಬ್ಬರಿ, ಉತ್ತತ್ತಿ, ಬೆಲ್ಲದ ಜೊತೆ ತುಪ್ಪದಲ್ಲಿ ಹುರಿದ ಅಂಟು ಹಾಕುತ್ತಾರೆ. ಉಳಿದ ಉಂಡೆಗಳನ್ನು ಲ್ಯಾಬಿಗೆ ತಂದಿದ್ದೆ. ನೀನು ಒಂದು ಕಚ್ಚಿದವಳು ಅಗಿಯುವುದನ್ನೇ ನಿಲ್ಲಿಸಿದೆ. ಮರುದಿನ ನನ್ನಿಂದ ಅಂಟಿನ ಪ್ಯಾಕೆಟ್ಟು ತರಿಸಿಕೊಂಡು ಒಂದು ಹರಳನ್ನು ಬೆಳಕಿಗೆ ಹಿಡಿದು ನೋಡಿದೆ. "ಇದು ನಮ್ಮ ಹಶಾಬ್ ಮರದ್ದು. ನನ್ನ ಅಜ್ಜ ಕೊಡಲಿಯಿಂದ ತೊಗಟೆ ಸೀಳಿ ತೆಗೆಯುತ್ತಿದ್ದರು. ಪ್ಯಾಕೆಟ್ಟಿನ ಮೇಲೆ ಬೇರೆ ದೇಶದ ಹೆಸರು ಹಾಕಿದ್ದಾರೆ, ನೋಡು. ಜಾಣ ಅಂಟು! ಪಾಸ್‌ಪೋರ್ಟ್ ಬದಲಿಸಿ ವೀಸಾ ಗಿಟ್ಟಿಸಿತು. ನನ್ನ ತಮ್ಮ ಆರು ವರ್ಷದಿಂದ ಸಾಲಿನಲ್ಲೇ ನಿಂತಿದ್ದಾನೆ, ಪೆದ್ದ" ಎಂದು ನಕ್ಕೆ. ಅವ್ವ ಅಂಗಡಿಯಿಂದ ಕಾಗದದಲ್ಲಿ ಕಟ್ಟಿಸಿ ತರುತ್ತಿದ್ದ ಆ ಅಂಟು ಯಾರ ನೆಲದ್ದೆಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಆಮೇಲೆ ನಿನ್ನ ದೇಶಕ್ಕೆ ಯುದ್ಧ ಬಂತು. ಇಬ್ಬರು ಸೇನಾಧಿಪತಿಗಳು ಸೇರಿ ಜನರ ಸರ್ಕಾರವನ್ನು ಕೆಡವಿದರು, ಅನಂತರ ತಮ್ಮತಮ್ಮಲ್ಲೇ ಕಚ್ಚಾಡಿದರು. ನಡುವೆ ಸಿಕ್ಕಿಬಿದ್ದ, ರಾಜಧಾನಿ ಖಾರ್ಟೂಮಿನ ಪಕ್ಕದ ಓಮ್‌ಡುರ್ಮಾನ್‌ನ ಮನೆಯನ್ನು ಬಿಟ್ಟು ನಿನ್ನ ತಮ್ಮ ಕೊರ್ಡೊಫಾನ್ ಸೀಮೆಯಲ್ಲಿರುವ ಅಜ್ಜನ ಊರಿಗೆ ಹೋದ. ಅವನು ರಸಾಯನಶಾಸ್ತ್ರದ ಮೇಷ್ಟ್ರು. ಶಾಲೆ ಮುಚ್ಚಿತ್ತು. ಅದೇ ಶಾಲೆಯ ಅಂಗಳದಲ್ಲಿ ನಾಲ್ಕು ದೊಡ್ಡ ಹಂಡೆ ಇಟ್ಟು, ಓಡಿಬಂದವರಿಗೆ ಬೇಳೆ ಬೇಯಿಸಿ ಬಡಿಸಲು ನಿಂತ. ಬೆರಿಲ್ ಚಂಡಮಾರುತ ಬಂದು ಇಲ್ಲಿ ಐದು ದಿನ ಕರೆಂಟಿಲ್ಲದೆ ನಾನು ಗೊಣಗುತ್ತಿದ್ದಾಗ ನೀನು ಐಸ್ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಖಾರ್ಟೂಮಿಗೆ ಸುಸ್ವಾಗತ, ಮೇಡಂ." ಹಾಗೆ ನಗಿಸುವುದು ನಿಮ್ಮ ಮನೆತನದ ಗುಣವಿರಬೇಕು. ತಮ್ಮನ ಧ್ವನಿ ಸಂದೇಶಗಳನ್ನು ಊಟದ ಹೊತ್ತಿನಲ್ಲಿ ನನಗೂ ಕೇಳಿಸಿ ಅರ್ಥ ಹೇಳುತ್ತಿದ್ದೆ. ಒಂದು ಪಕ್ಷದ ಸೈನಿಕರು ಬಂದು ಹಿಟ್ಟಿನ ಚೀಲ ಹೊತ್ತೊಯ್ದರಂತೆ. ಮರುವಾರ ಇನ್ನೊಂದು ಪಕ್ಷದವರು ಬಂದು, ಅವರಿಗೇಕೆ ಹಿಟ್ಟು ಕೊಟ್ಟೆ ಎಂದು ಹೊಡೆದರಂತೆ. "ಆದರೆ ಇಬ್ಬರೂ ಉಂಡು ಹೋದರು ಅಕ್ಕ. ನನ್ನ ಬೇಳೆಯ ವಿಷಯದಲ್ಲಿ ಮಾತ್ರ ದೇಶದಲ್ಲಿ ಒಮ್ಮತವಿದೆ."

ಕಳೆದ ಜೂನಿನಲ್ಲಿ ಈ ದೇಶ ಹನ್ನೆರಡು ದೇಶಗಳ ಜನಕ್ಕೆ ಬಾಗಿಲು ಹಾಕಿತು. ನಿಮ್ಮದೂ ಅದರಲ್ಲಿತ್ತು. ಅವನು ನಿಂತಿದ್ದ ಸಾಲೇ ಇಲ್ಲವಾಯಿತು. ಅಕ್ಟೋಬರಿನಲ್ಲಿ ಡಾರ್ಫರ್ ಸೀಮೆಯ ಎಲ್ ಫಾಶರ್ ನಗರ ಒಂದು ಪಕ್ಷದ ಸೈನಿಕರ ಕೈಗೆ ಬಿತ್ತು. ನೆಲದ ಮೇಲಿನ ರಕ್ತ ಉಪಗ್ರಹದ ಚಿತ್ರದಲ್ಲಿ ಕಾಣುತ್ತಿದೆ ಎಂದು ಪತ್ರಿಕೆಗಳು ಬರೆದವು. ಮೂವತ್ತು ವರ್ಷ ಇಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ದುಡಿದ ನನ್ನ ಗಂಡ ಆ ಚಿತ್ರ ನೋಡಿ ಕನ್ನಡಕ ತೆಗೆದಿಟ್ಟು ಎದ್ದು ಹೋದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಡಾರ್ಫರ್ ಉಳಿಸಿ ಎಂದು ಹಸಿರು ಪಟ್ಟಿ ಕೈಗೆ ಕಟ್ಟಿಕೊಂಡು ಮಗಳ ಶಾಲೆಗೆ ಹೋದವಳು ನಾನು. ಅದೇ ಡಾರ್ಫರ್, ಅಂದು ಹಳ್ಳಿಗಳನ್ನು ಸುಟ್ಟು ಈಗ ಹೆಸರು ಬದಲಿಸಿಕೊಂಡ ಅದೇ ಕುದುರೆ ಸವಾರರು. ಈ ಸಲ ಯಾರ ಕೈಯಲ್ಲೂ ಪಟ್ಟಿಯಿರಲಿಲ್ಲ.

ಇಲ್ಲಿನ ಒಂದು ಪತ್ರಿಕೆ ನನ್ನ ಲೇಖನ ಹಾಕಲು ಒಪ್ಪಿತು. ಶುಕ್ರವಾರದೊಳಗೆ ಕೊಡಬೇಕಿತ್ತು. ನಿನ್ನ ತಮ್ಮನ ಹಂಡೆಗಳ ಕಥೆ, ಎರಡೂ ಕಡೆಯವರ ಹೊಡೆತ, ಸೌಟು ಹಿಡಿದ ಅವನ ಫೋಟೊ, ಅವನ ಹೆಸರು, ಶಾಲೆಯ ಹೆಸರು, ಎಲ್ಲವನ್ನೂ ಬರೆದೆ. ಸಂಪಾದಕರು ಹೆಸರು ಬೇಕೇ ಬೇಕೆಂದಿರಲಿಲ್ಲ. ನನ್ನ ಗಂಡ ಓದಿ ನೋಡಿ, "ಬರಿ, ಬ್ಯಾಡನ್ನಂಗಿಲ್ಲ. ಆದ್ರ ಆ ಹುಡುಗನ ಹೆಸರ್ಯಾಕ?" ಎಂದರು.

"ಹೆಸರಿಲ್ಲಂದ್ರ ಯಾರ ಕರಳೂ ಚುರ್ ಅನ್ನಂಗಿಲ್ರಿ. ಲಕ್ಷ ಮಂದಿ ಅಂದ್ರ ಅಂಕಿ, ಒಬ್ಬಾಂವ ಅಂದ್ರ ಮನಷ್ಯಾ."

"ಓದೋರಿಗೆ ಮನಷ್ಯಾ. ಹುಡುಕೋರಿಗೆ ವಿಳಾಸ."

ನಾನು ಕೇಳಲಿಲ್ಲ. ಎಪ್ಪತ್ತೈದರ ತುರ್ತು ಪರಿಸ್ಥಿತಿಯಲ್ಲಿ ನನ್ನ ಅಪ್ಪ ಸರ್ಕಾರದ ವಿರುದ್ಧ ಕರಪತ್ರ ಅಚ್ಚು ಹಾಕಿಸಿ ಕೆಳಗೆ ತಮ್ಮ ಪೂರ್ತಿ ಹೆಸರು ಹಾಕಿದ್ದರು. ಹೆಸರು ಹಾಕಲು ಹೆದರುವವನು ಬರೆಯಬಾರದು ಎಂಬ ಮಾತನ್ನು ಉಂಡು ಬೆಳೆದವಳು ನಾನು. ಅಪ್ಪನನ್ನು ಹಿಡಿದರು, ಹದಿಮೂರು ತಿಂಗಳ ನಂತರ ಬಿಟ್ಟರು. ರೈಲ್ವೆ ಸ್ಟೇಷನ್ನಿನಲ್ಲಿ ಜನ ಮಾಲೆ ಹಾಕಿದರು. ಆ ಮಾಲೆಯನ್ನು ಇಷ್ಟು ವರ್ಷ ನೆನಪಿಟ್ಟುಕೊಂಡ ನಾನು ಇನ್ನೊಂದನ್ನು ಮರೆತೆ. ಅಪ್ಪ ಬರೆದದ್ದು ತಮ್ಮ ಹೆಸರನ್ನು. ಅವರಿದ್ದ ಜೈಲಿಗೆ ಭಾನುವಾರ ಅವ್ವ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಹೋಗುತ್ತಿದ್ದಳು. ಹೋಗಲು ಒಂದು ಗೇಟಿತ್ತು, ರೊಟ್ಟಿಯನ್ನು ಮುರಿದು ನೋಡಿ ಒಳಗೆ ಕಳಿಸುವ ಒಬ್ಬ ಪೊಲೀಸನಿದ್ದ.

ನಿನ್ನನ್ನು ಕೇಳಿದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಕೇಳಿದ್ದು ನಿಜ. ಗುರುವಾರ ಊಟದ ಮೇಜಿನಲ್ಲಿ ನೀನು ಹೇಳಿದ್ದು ಇಷ್ಟು: "ಅವನನ್ನೇ ಕೇಳಬೇಕು. ಒಂಬತ್ತು ದಿನದಿಂದ ಅಲ್ಲಿ ನೆಟ್‌ವರ್ಕ್ ಇಲ್ಲ. ಬಂದ ಕೂಡಲೇ ಕೇಳುತ್ತೇನೆ." ನಾನು ತಲೆಯಾಡಿಸಿದೆ. ಮರುದಿನ ಕಳಿಸಿಬಿಟ್ಟೆ. ಜಗತ್ತಿಗೆ ಗೊತ್ತಾಗಬೇಕಾದ ಮಾತು, ಒಂದು ನೆಟ್‌ವರ್ಕಿಗಾಗಿ ಕಾಯಬೇಕೇ ಎಂದುಕೊಂಡೆ.

ಲೇಖನ ಫೋನಿನಿಂದ ಫೋನಿಗೆ ಹರಿದಾಡಿತು. ಮಗಳು ಆಸ್ಟಿನ್ನಿನಿಂದ ಫೋನ್ ಮಾಡಿ, "ಅಮ್ಮ, ದಿಸ್ ಈಸ್ ಸೋ ಪವರ್‌ಫುಲ್" ಎಂದಳು. ಇಲ್ಲಿನ ಕನ್ನಡ ಕೂಟದಲ್ಲಿ ಚಿದಾನಂದ್ ಅದನ್ನು ಮೈಕಿನಲ್ಲಿ ಓದಿದರು. ಚಿದಾನಂದರ ಹೆಸರನ್ನು ಬರೆಯಬಹುದು, ಅವರ ಬಾಗಿಲಿಗೆ ಯಾರೂ ಬಂದೂಕು ಹಿಡಿದು ಬರುವುದಿಲ್ಲ. ವಸಂತಾ ಆಂಟಿ ಕಣ್ಣೊರೆಸಿಕೊಂಡು, "ಪಾಪ ಕಣ್ರೀ. ಅದು ದುಬೈ ಪಕ್ಕದಲ್ಲೇ ಅಲ್ವಾ?" ಎಂದು ಕೇಳಿದರು. ಅವರ ಕೈತುಂಬ ದುಬೈನಲ್ಲಿ ಕೊಂಡ ಬಳೆ. ನಿಮ್ಮ ನೆಲದ ಚಿನ್ನ ಕಳ್ಳದಾರಿಯಲ್ಲಿ ಹೋಗಿ ಸೇರುವುದು ಅಲ್ಲಿಗೇ ಎಂದು ವರದಿಗಳಲ್ಲಿ ಓದಿದ್ದ ನನಗೆ ಮೈ ಉರಿಯಿತು. ನನ್ನ ಕೈಯಲ್ಲಿದ್ದದ್ದೂ ಅಲ್ಲಿಯ ಬಳೆಯೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನಾನು ಕೈ ಮುಗಿದೆ.

ಲೇಖನ ಬಂದ ಹನ್ನೆರಡನೆಯ ದಿನ ಬೆಳಿಗ್ಗೆ ನೀನು ಲ್ಯಾಬಿನಲ್ಲಿ ಕೋಟು ಹಾಕಿಕೊಳ್ಳುತ್ತಲೇ ಹೇಳಿದೆ. ಪಕ್ಕದ ಮನೆಯವನ ಸಂದೇಶ ಬಂದಿತ್ತು. ಬಂದೂಕು ಹಿಡಿದವರು ಶಾಲೆಯ ಅಂಗಳಕ್ಕೆ ಬಂದು ಫೋನಿನಲ್ಲಿದ್ದ ಫೋಟೊ ತೋರಿಸಿ, ಇವನು ಯಾರು ಎಂದು ಕೇಳಿದ್ದರು. ಮಕ್ಕಳೂ ಹೆಂಗಸರೂ ತಟ್ಟೆ ಹಿಡಿದು ಸಾಲಿನಲ್ಲಿದ್ದರು, ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಮುದುಕನಿಗೆ ಹೊಡೆಯಲು ಶುರು ಮಾಡಿದಾಗ ನಿನ್ನ ತಮ್ಮನೇ ಸೌಟು ಕೆಳಗಿಟ್ಟು, "ನಾನು" ಎಂದನಂತೆ. ಅವರು ಯಾವ ಪಕ್ಷದವರೆಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ನೀನು ಬೈಯಲಿಲ್ಲ. "ಹೆಸರು ತೆಗೆಸು" ಎಂದೆ, ಅಷ್ಟೆ. ನಾನು ಎರಡು ಗಂಟೆಯಲ್ಲಿ ತೆಗೆಸಿದೆ. ಅಷ್ಟರಲ್ಲಿ ಅದು ಸಾವಿರ ಫೋನುಗಳಲ್ಲಿತ್ತು.

ಜನವರಿಯಲ್ಲಿ ನೀನು ಡಾಲಸ್ಸಿಗೆ ಶಿಫ್ಟ್ ಆದೆ. ನಾನು ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದೆ. ನೀನು ಒಳಗೆ ಕರೆದು ಚಹಾ ಕೊಟ್ಟೆ. ನಾನು ಕ್ಷಮೆಯ ಮಾತನ್ನು ಐವತ್ತು ರೀತಿ ಸಿದ್ಧ ಮಾಡಿಕೊಂಡು ಬಂದಿದ್ದೆ, ಒಂದೂ ಬರಲಿಲ್ಲ. ಹೊರಡುವಾಗ ಬಾಗಿಲಲ್ಲಿ ನೀನೇ ಹೇಳಿದೆ: "ನನಗೆ ನಿನ್ನ ಮೇಲೆ ಕೋಪ ಬಂದಿಲ್ಲ. ಅವನು ಇದ್ದಾನೋ ಇಲ್ಲವೋ ಗೊತ್ತಾಗದೆ ಎಷ್ಟು ಕೋಪ ಮಾಡಿಕೊಳ್ಳಬೇಕೆಂದು ತಿಳಿಯುತ್ತಿಲ್ಲ."

ಈಗ ಆಸ್ಟಿನ್ನಿನ ಒಂದು ಮಾನವ ಹಕ್ಕುಗಳ ಸಂಘದವರು ನನ್ನ ಬೆನ್ನು ಹತ್ತಿದ್ದಾರೆ. ಅವನ ಹೆಸರು ಹಿಡಿದು ಬಹಿರಂಗವಾಗಿ ಕೂಗಿದರೆ ಬಿಡುಗಡೆಯಾಗಬಹುದು ಎನ್ನುತ್ತಾರೆ. ಕೂಗಿದ್ದರಿಂದ ಬದುಕಿದವರೂ ಇದ್ದಾರೆ, ಕೂಗಿದ್ದರಿಂದ ಸತ್ತವರೂ ಇದ್ದಾರೆ, ಅದನ್ನೂ ಅವರೇ ಹೇಳಿದರು. ಬೇಗ ತಿಳಿಸಿ ಎಂದರು. ಹೆಸರು ನನ್ನದಲ್ಲ, ಅವನ ಅಕ್ಕನನ್ನು ಕೇಳಬೇಕು ಎಂದೆ. ನಿನಗೆ ಒಂದು ಸಾಲಿನ ಸಂದೇಶ ಕಳಿಸಿ ಹನ್ನೊಂದು ದಿನವಾಯಿತು. ಉತ್ತರವಿಲ್ಲ. ಮತ್ತೆ ಕೇಳುವುದಿಲ್ಲ. ಈ ಮೌನದ ಪ್ರತಿ ದಿನವೂ ಅವನಿಗೆ ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಿಲ್ಲ. ಇಷ್ಟು ಓದಿದ್ದೇನೆ, ಯಾವ ಪುಸ್ತಕದಲ್ಲೂ ಇದಕ್ಕೆ ಉತ್ತರ ಸಿಗಲಿಲ್ಲ. ಕಾಯುತ್ತಿದ್ದೇನೆ.

ಒಂದು ಮಾತು. ಅವನು ಹೊರಗೆ ಬಂದರೆ ಗಡಿ ದಾಟಿ ಆಚೆಯ ನೆಲದ ಮೇಲೆ ನಿಲ್ಲುವವರೆಗೆ ಯಾರಿಗೂ ಹೇಳಬೇಡ. ನನಗಂತೂ ಹೇಳಲೇಬೇಡ. ನನಗೆ ತಿಳಿಯುವುದು ತಡವಾದಷ್ಟೂ ಅವನು ದೂರ ಹೋಗಿರುತ್ತಾನೆ.

ಅವನು ಬರಲಿ. ನಿನ್ನ ಮೇಜಿನ ಎದುರು ಕೂತು ಉಣ್ಣಲಿ. ಆಗ, ಅವನ ಮುಖ ನೋಡುತ್ತಾ, ನಿನಗೆ ನನ್ನ ಮೇಲೆ ಕೋಪ ಬರಲಿ, ತುಂಬ ಕೋಪ ಬರಲಿ. ಆ ದಿನ ಬೇಗ ಬರಲೆಂದು ಹಾರೈಸುವ,

ನಿನ್ನ
ಪಕ್ಕದ ಕುರ್ಚಿಯವಳು