ಒಡೆಯರ ಹೆಸರು ಮರೆಯಲ್ಲಿದೆ

ಮಾಧವರಂ, ಚೆನ್ನೈ
9 ಜುಲೈ 2025

ಶ್ರೀ ಬದರಿನಾಥ ಅವರಿಗೆ,

ಒಂಬತ್ತು ವರ್ಷ ಮಾತುಕತೆಯಿಲ್ಲದ ಗಂಡನಿಗೆ ಪತ್ರವನ್ನು ಹೇಗೆ ಶುರುಮಾಡಬೇಕೆಂದು ತಿಳಿಯದೆ ಮೂರು ಹಾಳೆ ಹರಿದೆ. ಕೊನೆಗೆ ಆಫೀಸಿನ ಕಾಗದಗಳಿಗೆ ಹಾಕುವ ಹಾಗೆಯೇ 'ಶ್ರೀ' ಹಾಕಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಮಾತಾಡಿಬಿಡುತ್ತೇನೆ, ಐದನೇ ನಿಮಿಷಕ್ಕೆ ತಪ್ಪೆಲ್ಲ ಆ ಕಡೆಯವರದ್ದಾಗಿರುತ್ತದೆ. ಕಾಗದದ ಮೇಲೆ ಅದು ಅಷ್ಟು ಸಲೀಸಲ್ಲ. ನಿಮ್ಮ ಮೈಸೂರಿನ ವಿಳಾಸ ಕೊಟ್ಟವರು ನಿಮ್ಮ ಅಕ್ಕ ಕೌಸಲ್ಯಾ. "ಈಗ ನೆನಪಾಯ್ತೇನಮ್ಮ?" ಎಂದು ಕೇಳಿದರು. ನಾನು ಪೆನ್ನು ಹುಡುಕುವಷ್ಟರಲ್ಲಿ ಪಿನ್‌ಕೋಡ್ ಸಮೇತ ಹೇಳಿ ಮುಗಿಸಿದ್ದರು.

ಒಂದು ಕೆಲಸವಾಗಬೇಕಾಗಿ ಬರೆಯುತ್ತಿದ್ದೇನೆ. ಸುಮ್ಮನೆ ಕ್ಷೇಮ ಕೇಳಲು ಬರೆದೆನೆಂದರೆ ನೀವೂ ನಂಬುವುದಿಲ್ಲ.

ನೀವು ನಾನು ಸೇರಿ ಹಾಲಿನ ಡೈರಿಯ ಹಿಂದಿನ ಬೀದಿಯಲ್ಲಿ ತೆರೆದ ಸರ್ವೆ ಆಫೀಸು ಇನ್ನೂ ಅಲ್ಲೇ ಇದೆ, ಅದೇ ಮೆಟ್ಟಿಲು, ಅದೇ ಫ್ಯಾನು. ಮನೆಮನೆಗೆ ಹೋಗಿ ಯಾವ ಸೋಪು, ಯಾವ ಟೀಪುಡಿ ಎಂದು ಕೇಳುವ ಕೆಲಸ ಈಗ ಯಾರಿಗೂ ಬೇಡ. ಎಲ್ಲ ಫೋನಿನಲ್ಲೇ ಆಗುತ್ತದಂತೆ. ಹನ್ನೊಂದು ಹೆಂಗಸರು ಉಳಿದಿದ್ದಾರೆ. ಸರಸ ಇದ್ದಾಳೆ, ಚಪ್ಪಲಿ ಸವೆದಿದೆ, ಬಾಯಿ ಸವೆದಿಲ್ಲ. ನನ್ನ ಮಂಡಿ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಮಾಧವರಂನಿಂದ ಪೆರುಂಗುಡಿಗೆ ಎರಡು ಬಸ್ಸು ಬದಲಾಯಿಸಿ ಇಳಿಯುವಾಗ, ಇಷ್ಟು ದೂರ ಬಂದು ಯಾರನ್ನು ಏನು ಕೇಳಬೇಕಿತ್ತು ಎಂಬುದೇ ಮರೆತಿರುತ್ತದೆ.

ಈ ಬರಗಾಲದಲ್ಲಿ ಮೇ ತಿಂಗಳಲ್ಲಿ ಒಂದು ದೊಡ್ಡ ಕೆಲಸ ಬಂತು. ವೆಬ್‌ಸೈಟುಗಳ ಹೆಸರು ನೋಂದಾಯಿಸುವ ಒಂದು ಸಂಸ್ಥೆಯದು. ಯಾವ ವೆಬ್‌ಸೈಟೇ ಆಗಲಿ, ಅದು ಯಾರ ಹೆಸರಿನಲ್ಲಿದೆ, ಯಾವತ್ತು ಹುಟ್ಟಿತು, ಯಾವ ರಾಜ್ಯದವರದ್ದು ಎಂದು ಹುಡುಕಿ ನೋಡಲು ಒಂದು ಪುಟವಿದೆಯಂತೆ. ಇಪ್ಪತ್ತು ವರ್ಷ ಜನರನ್ನು ಪ್ರಶ್ನೆ ಕೇಳಿ ಬದುಕಿದ ನನಗೇ ಅದು ಗೊತ್ತಿರಲಿಲ್ಲ. ಸಾಮಾನ್ಯ ಜನ ಹಾಗೆ ಹುಡುಕುತ್ತಾರೆಯೇ, ಒಡೆಯರ ಹೆಸರು ಕಂಡರೆ ನಂಬಿಕೆ ಹೆಚ್ಚುತ್ತದೆಯೇ, ಹೆಸರು ಮುಚ್ಚಿಟ್ಟಿದ್ದರೆ ಅನುಮಾನ ಬರುತ್ತದೆಯೇ, ಇದನ್ನೆಲ್ಲ ಚೆನ್ನೈಯ ಎರಡು ಸಾವಿರ ಜನರನ್ನು ಕೇಳಬೇಕು. ಪ್ರಶ್ನಾವಳಿಯನ್ನು ನಾವೇ ತಯಾರು ಮಾಡಬೇಕು.

ಅವರು ಕಳಿಸಿದ ಕರಡು ನೋಡಬೇಕಿತ್ತು ನೀವು. "ಒಡೆಯರ ಹೆಸರು ತಿಳಿದ ವೆಬ್‌ಸೈಟು ಹೆಚ್ಚು ಸುರಕ್ಷಿತವೆಂದು ನಿಮಗೂ ಅನಿಸುತ್ತದೆ ಅಲ್ಲವೇ?" ಹೆಣ್ಣು ನೋಡಲು ಬಂದವರ ಮುಂದೆ "ನಮ್ಮ ಹುಡುಗಿ ಚೆನ್ನಾಗಿ ಹಾಡ್ತಾಳೆ, ಅಲ್ವೇ?" ಎಂದ ಹಾಗೆ. ಹೊಡೆದುಹಾಕಿದೆ. ಉತ್ತರಗಳಲ್ಲಿ 'ಗೊತ್ತಿಲ್ಲ' ಬೇಡವೆಂದರು, ವರದಿ ನೋಡಲು ಚೆನ್ನಾಗಿರುವುದಿಲ್ಲವಂತೆ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ನಿಜವಾದ ಮನೆಗೆ ಹೋಗಿ ಬಂದ ಫಾರಂನಲ್ಲಿ ಹತ್ತಕ್ಕೆ ಮೂರು 'ಗೊತ್ತಿಲ್ಲ' ಇದ್ದೇ ಇರುತ್ತದೆ. ಅದಿಲ್ಲದ ಫಾರಂ ಮರದ ನೆರಳಿನಲ್ಲಿ ಕುಳಿತು ತುಂಬಿದ್ದು. ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಹೇಳಿಕೊಡುವ ಪಾಠವೇ ಅದು. ನಿಮಗೆ ನೆನಪಿರುತ್ತದೆ. ನೆನಪಿರದೆ ಹೇಗೆ.

ದೊಡ್ಡದಾಗಿ ಶುರುಮಾಡುವ ಮುಂಚೆ ಹತ್ತು ಜನರ ಮೇಲೆ ಪ್ರಶ್ನೆಗಳನ್ನು ಪರೀಕ್ಷಿಸಿದೆವು. ಕಾಸಿಮೇಡಿನಲ್ಲಿ ಮೀನು ಮಾರುವ ರತ್ನಾವತಿ, ಬುಟ್ಟಿಯಿಂದ ಕಣ್ಣೆತ್ತದೆ ಉತ್ತರ ಕೊಟ್ಟಳು. ಪ್ರತಿ ಬೋಟಿನ ಮೇಲೂ ನಂಬರು, ಓನರ್ ಹೆಸರು ಎರಡೂ ದೊಡ್ಡದಾಗಿ ಬರೆದಿರುತ್ತದಂತೆ, ಆದರೂ ತಾನು ಮೀನಿನ ಕಿವಿರು ಎತ್ತಿ ನೋಡದೆ ಹರಾಜಿನಲ್ಲಿ ಬಾಯಿ ಬಿಡುವುದಿಲ್ಲವಂತೆ. ಇದನ್ನು ಯಾವ ಖಾನೆಗೆ ಹಾಕುವುದೆಂದು ಸರಸ ಕೇಳಿದಳು. ನನಗೂ ತಿಳಿಯಲಿಲ್ಲ.

ನನ್ನನ್ನು ಹಿಡಿದುಹಾಕಿದ್ದು ಪೆರುಂಗುಡಿಯ ಚಿಕ್ಕತಾಯಮ್ಮ. ಮಂಡ್ಯದ ಕಡೆಯವರು, ಮಗ ಸೊಸೆಯ ಜೊತೆ ಹೊಸದಾಗಿ ಬಂದಿದ್ದಾರೆ. ಕನ್ನಡ ಕೇಳಿ ಖುಷಿಯಾಗಿ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ಫೋನಿನಲ್ಲಿ ನಮ್ಮ ವೆಬ್‌ಸೈಟು ತೆರೆದು, ವೆಬ್‌ಸೈಟು ಯಾರದೆಂದು ಹುಡುಕಿ ನೋಡುತ್ತೀರಾ ಎಂಬ ಮೊದಲ ಪ್ರಶ್ನೆ ಓದಿದೆ. ಅವರು ತಡೆದರು. "ಅಲ್ಲ ಕಣವ್ವ, ಯಾರ ಮನೆ ಅಂತ ಕೇಳ್ದೆ ಯಾರಾನ ಒಳಕ್ಕೋಯ್ತಾರಾ? ನಿಂದೂ ಒಂದೈತಲ್ಲ ಆ ಫೋನಲ್ಲಿ, ಅದು ಯಾರ್ದು ತೋರ್ಸು ಮೊದ್ಲು. ಆಮೇಕೆ ನಿನ್ ಪ್ರಶ್ನೆ" ಎಂದರು. ಸೊಸೆ ಪಾವನಾ ನಗುತ್ತಾ ತನ್ನ ಲ್ಯಾಪ್‌ಟಾಪ್ ತಂದು, ಆ ಹುಡುಕುವ ಪುಟದಲ್ಲಿ ನಮ್ಮ ಆಫೀಸಿನ ವೆಬ್‌ಸೈಟಿನ ಹೆಸರು ಹಾಕಿದಳು. ನಾನು ಎದೆಯುಬ್ಬಿಸಿ ಕೂತಿದ್ದೆ, ಜಯಲಕ್ಷ್ಮೀ ಎಂದು ಬರುತ್ತದೆ ಎಂದು.

ಬಂದದ್ದು ಬೇರೆ. ಒಡೆಯರ ಹೆಸರು: ಮರೆಯಲ್ಲಿಡಲಾಗಿದೆ. ರಾಜ್ಯ: ಕರ್ನಾಟಕ. ಕೊನೆಯ ನವೀಕರಣ: ಇದೇ ಜೂನ್ ಎರಡು.

ಚಿಕ್ಕತಾಯಮ್ಮ ನನ್ನ ಮುಖ ನೋಡಿ, "ನಿಂಗೇ ಗೊತ್ತಿಲ್ವಾ? ಹಾಕ್ಕೋ, ಗೊತ್ತಿಲ್ಲ ಅಂತ" ಎಂದರು. ಆ ದಿನದ ಮೊದಲ 'ಗೊತ್ತಿಲ್ಲ' ನನ್ನದೇ ಆಯಿತು.

ಆಫೀಸಿಗೆ ಬಂದು, ಕಂಪ್ಯೂಟರ್ ನೋಡಿಕೊಳ್ಳುವ ಗುರುಚರಣನನ್ನು ಕೇಳಿದೆ. ಪ್ರತಿ ವರ್ಷ ನಾನೇ ನವೀಕರಿಸುತ್ತೇನೆಂದು ಅವನು ತಿಳಿದುಕೊಂಡಿದ್ದನಂತೆ. ಅವನು ಮಾಡುತ್ತಾನೆಂದು ನಾನು ತಿಳಿದುಕೊಂಡಿದ್ದೆ. ಹದಿನಾಲ್ಕು ವರ್ಷದ ಹಿಂದೆ ಅದನ್ನು ನೋಂದಾಯಿಸಿದವರು ನೀವು, ನಿಮ್ಮ ಇ-ಮೇಲಿನಿಂದ. ಆಮೇಲೆ ಮೈಸೂರಿಗೆ ಹೋದ ಮೇಲೆ ವಿಳಾಸ ತಿದ್ದಿದ್ದೀರಿ. ಹೆಸರು ಮುಚ್ಚಿದ್ದೀರಿ. ಜೂನ್ ಬಂದಾಗಲೆಲ್ಲ ಮರೆಯದೆ ನಮ್ಮ ಬಾಗಿಲು ತೆರೆದಿಟ್ಟಿದ್ದೀರಿ, ಒಂಬತ್ತು ಸಲ. ಒಂದು ಸಲ ಹಣ ಕಟ್ಟದೆ ಬಿಟ್ಟಿದ್ದರೆ ಸಾಕಿತ್ತು, ವೆಬ್‌ಸೈಟು ಕೈತಪ್ಪಿ ನಾನು ಅಲೆದಾಡಿ ಹೋಗುತ್ತಿದ್ದೆ. ಬಿಡಬೇಕೆಂದು ನಿಮಗೆ ಒಂದು ವರ್ಷವಾದರೂ ಅನಿಸಲಿಲ್ಲವೇ?

ಈಗ ಕೆಲಸದ ಮಾತು. ಆ ಸಂಸ್ಥೆಯ ಷರತ್ತು ಹೀಗಿದೆ: ಸರ್ವೆ ನಮ್ಮ ವೆಬ್‌ಸೈಟಿನಿಂದಲೇ ಹೋಗಬೇಕು, ಹುಡುಕಿದವರಿಗೆ ಒಡೆಯರ ಹೆಸರು ಕಾಣಬೇಕು, ಆ ಹೆಸರು ನಮ್ಮ ಆಫೀಸಿನ ದಾಖಲೆಯಲ್ಲಿರಬೇಕು. ಈ ತಿಂಗಳ ಕೊನೆಯೊಳಗೆ ಆಗದಿದ್ದರೆ ಕೆಲಸ ಬೇರೆಯವರಿಗೆ. ಹಾಗಾದರೆ ಆಫೀಸು ಮುಚ್ಚಿದಂತೆಯೇ, ಹನ್ನೊಂದು ಜನ ಮನೆಗೆ. ಅದಕ್ಕೇ ವೆಬ್‌ಸೈಟನ್ನು ನನ್ನ ಹೆಸರಿಗೆ ವರ್ಗಾಯಿಸಿಕೊಡಿ ಎಂಬ ಅರ್ಜಿಯನ್ನು ಟೈಪ್ ಮಾಡಿಸಿದೆ. ನಿಮ್ಮ ಸಹಿಗೆ ಪೆನ್ಸಿಲಿನಲ್ಲಿ ಗುರುತೂ ಹಾಕಿದೆ. ಲಕೋಟೆಗೆ ಹಾಕುವಾಗ ಕೈ ನಿಂತಿತು.

ಆ ಹದಿನೇಳು ಫಾರಂಗಳ ವಿಷಯ ಎತ್ತಬಾರದೆಂದುಕೊಂಡೇ ಬರೆಯಲು ಕೂತದ್ದು.

ಒಂಬತ್ತು ವರ್ಷದ ಹಿಂದೆ, ಅಮ್ಮ ಆಸ್ಪತ್ರೆಯಲ್ಲಿದ್ದ ವಾರ. ಕಾಸಿಮೇಡಿನ ಹದಿನೇಳು ಮನೆ ನನ್ನ ಪಾಲಿಗೆ ಬಂದಿತ್ತು. ನಾನು ಹೋಗಲಿಲ್ಲ. ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತು, ಇರದ ಹೆಂಗಸರ ವಯಸ್ಸು, ಇರದ ಮಕ್ಕಳ ಸಂಖ್ಯೆ, ಅವರಿಗಿಷ್ಟವಾದ ಟೀಪುಡಿ ಎಲ್ಲವನ್ನೂ ತಲೆಯಿಂದ ತುಂಬಿದೆ. ಸುಸ್ತಾಗಿತ್ತು. ಹದಿನೇಳರಲ್ಲಿ ಒಂದೇ ಒಂದು 'ಗೊತ್ತಿಲ್ಲ' ಹಾಕಲಿಲ್ಲ. ಎಲ್ಲರಿಗೂ ಪಾಠ ಹೇಳುವವಳು! ಕೆಲಸ ಕೊಟ್ಟವರು ಅದೇ ಕಾರಣಕ್ಕೆ ಅನುಮಾನಪಟ್ಟು ಮನೆಗಳನ್ನು ಮರುಪರಿಶೀಲಿಸಿದರು. ಒಬ್ಬರ ಮನೆಗೂ ಯಾರೂ ಹೋಗಿರಲಿಲ್ಲ.

ಅವರು ಬಂದು ಎಲ್ಲರ ಎದುರು ಫಾರಂ ಹರಡಿ ಯಾರು ತುಂಬಿದ್ದೆಂದು ಕೇಳಿದಾಗ ನನ್ನ ನಾಲಿಗೆ, ಈ ನಾಲಿಗೆ, ಏಳಲಿಲ್ಲ. ನೀವು "ನಾನು" ಎಂದಿರಿ. ಕಾಫಿ ಬೇಕಾ ಎಂದು ಕೇಳಿದಾಗ ಹೇಳುವಷ್ಟೇ ಮೆಲ್ಲಗೆ.

ಅಲ್ಲಿಗೆ ನಾನು ಸುಮ್ಮನಾಗಿದ್ದರೂ ಆಗುತ್ತಿತ್ತು. ಆದರೆ ಆಮೇಲೆ ನನ್ನ ಮಾತು ಬಂತಲ್ಲ. ನಂಬಿಕೆ ಎಂದರೇನು, ನಮ್ಮ ಕೆಲಸಕ್ಕಿರುವ ಬಂಡವಾಳವೇ ಅದು, ನನ್ನ ಗಂಡನಾದರೂ ಸರಿ ಇಲ್ಲಿ ಜಾಗವಿಲ್ಲ ಎಂದು ಅರ್ಧ ಗಂಟೆ ನಿಂತು ಹೇಳಿದೆ. ಬಂದವರು ಮೆಚ್ಚಿ ಇನ್ನೂ ಮೂರು ವರ್ಷ ಕೆಲಸ ಕೊಟ್ಟರು. ನಿಮ್ಮನ್ನು ಕಳಿಸಿದ ಭಾಷಣದ ಮೇಲೆಯೇ ಈ ಆಫೀಸು ನಿಂತಿತು. ನೀವು ವಾದ ಮಾಡಿದ್ದರೆ ನಾನು ಗೆಲ್ಲುತ್ತಿದ್ದೆ, ಅದಕ್ಕೇ ಮಾಡಲಿಲ್ಲವೇನೋ. ಕೇಳಿದವರಿಗೆಲ್ಲ ನೀವೇ ಬಿಟ್ಟುಹೋದಿರೆಂದು ಹೇಳುತ್ತಾ ಬಂದೆ. ಹೇಳಿ ಹೇಳಿ ಈಚೆಗೆ ನನಗೂ ಅದು ನಿಜವೆನಿಸತೊಡಗಿತ್ತು.

ಅರ್ಜಿಯನ್ನು ಕಳಿಸುತ್ತಿಲ್ಲ. ವೆಬ್‌ಸೈಟನ್ನು ನನ್ನ ಹೆಸರಿಗೆ ಬರೆಯಬೇಡಿ. ಒಂದು ಸಲ ನನ್ನದನ್ನು ನಿಮ್ಮ ಹೆಸರಿಗೆ ಹಾಕಿದೆ, ಈಗ ನಿಮ್ಮದನ್ನು ನನ್ನ ಹೆಸರಿಗೆ ಹಾಕಿಕೊಳ್ಳಲಾರೆ. ಮರೆ ತೆಗೆದುಬಿಡಿ, ಅಷ್ಟು ಸಾಕು. ಹುಡುಕಿದವರಿಗೆ ಬದರಿನಾಥ ಎಂದೇ ಕಾಣಲಿ. ಷರತ್ತಿಗೆ ತೊಂದರೆಯಿಲ್ಲ, ದಾಖಲೆಯಲ್ಲಿ ನೀವು ಇಂದಿಗೂ ಪಾಲುದಾರರು. ನಿಮ್ಮ ಹೆಸರು ತೆಗೆಯಲು ಹೋದಾಗ ಕಾರಣ ಬರೆಯಿರಿ ಎಂದು ಒಂದು ಗೆರೆ ಇತ್ತು. ಬಾಯಲ್ಲಿ ಹೇಳಿದ ಸುಳ್ಳನ್ನು ಕೈಯಲ್ಲಿ ಬರೆಯಲಾಗದೆ ಎದ್ದು ಬಂದಿದ್ದೆ.

ಮರೆ ತೆಗೆಯಲು ಮನಸ್ಸಿಲ್ಲದಿದ್ದರೆ ಬೇಡ. ಕೆಲಸ ಬಿಟ್ಟೆವೆಂದು ಅವರಿಗೆ ಬರೆಯುತ್ತೇನೆ, ಹೆಂಗಸರಿಗೆ ಏಕೆಂದು ಹೇಳುತ್ತೇನೆ. ಹೇಗಿದ್ದರೂ ಅವರಿಗೆ ಹೇಳಲೇಬೇಕು. ನಿಮ್ಮ ಉತ್ತರ ನೋಡಿಕೊಂಡು ಹೇಳಿದರೆ ಅದೂ ಒಂದು ವ್ಯಾಪಾರವಾಗುತ್ತದೆ.

ಬನ್ನಿ ಎಂದು ಕರೆಯುವ ಅರ್ಹತೆ ನನಗಿಲ್ಲ. ಮಧ್ಯಾಹ್ನದ ಹೊತ್ತು ಆಫೀಸಿನಲ್ಲೇ ಇರುತ್ತೇನೆ ಎಂದು ಮಾತ್ರ ತಿಳಿಸುತ್ತೇನೆ.

ಇಂತಿ,
ನಿಮ್ಮ ಹೆಸರಿನ ಮರೆಯಲ್ಲಿ ಇಷ್ಟು ದಿನ ಬಾಳಿದ
ಜಯಲಕ್ಷ್ಮೀ

ತಾ.ಕ.: ರೀ, ಪತ್ರ ನಾಲ್ಕು ದಿನ ಚೀಲದಲ್ಲೇ ಇತ್ತು. ಇವತ್ತು ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ, ಅಂದು ಭಾಷಣ ಮಾಡಿದ ಜಾಗದಲ್ಲೇ ನಿಂತು, ಆ ಫಾರಂ ತುಂಬಿದ್ದು ನಾನೇ ಎಂದು ಹೇಳಿದೆ. ಮೂರೇ ವಾಕ್ಯ. ಅಂದು ಇದ್ದವರಲ್ಲಿ ಆರು ಜನ ಈಗಲೂ ಇದ್ದಾರೆ, ಒಬ್ಬಳಿಗೂ ಆಶ್ಚರ್ಯವಾಗಲಿಲ್ಲ. ಸರಸ ಮಾತ್ರ, "ಅಕ್ಕಾ, ಏಳರ ಅಂಕಿಗೆ ನಡುವೆ ಗೀಟು ಹಾಕಿ ಬರೆಯೋರು ಈ ಆಫೀಸ್ನಲ್ಲಿ ನೀವೊಬ್ರೇ. ಫಾರಂ ನೋಡಿ ನಮಗೆ ಅಂದೇ ತೆರಿಯುಂ, ಗೊತ್ತಾಗಿತ್ತು" ಎಂದಳು. ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳಿದೆ. "ಸಾರ್ ಬ್ಯಾಗ್ ತಗೊಂಡು ಇಳಿಯುವಾಗ ಮೆಟ್ಟಿಲ ಮೇಲೆ ನಿಂತು, ಯಾರೂ ಕೇಳ್ಬೇಡಿ, ಅವಳೇ ಹೇಳ್ತಾಳೆ ಅಂದ್ರು. ಯಾವಾಗ ಅಂತ ಮಾತ್ರ ಹೇಳ್ಲಿಲ್ಲ."